ಐದು ಸಾಲು ತಪ್ಪಿತು, ಒಂದು ಹೆಸರು ಕೆಟ್ಟಿತು

ಶಿವಮೊಗ್ಗ: ಅಂಗಡಿಗೆ ಕಂಪ್ಯೂಟರ್ ಬಂದರೆ ಲೆಕ್ಕ ತಾನಾಗಿಯೇ ಸರಿಹೋಗುತ್ತದೆ ಎಂದು ನಂಬಿದವರು ಈ ಊರಿನಲ್ಲಿ ಬಹಳ ಮಂದಿ. ಗಾಂಧಿಬಜಾರಿನಿಂದ ಹಿಡಿದು ಬಿ.ಎಚ್. ರಸ್ತೆಯ ತುದಿಯವರೆಗೆ, ಗಲ್ಲಾದ ಪಕ್ಕದಲ್ಲಿ ಒಂದು ಪರದೆ, ಒಂದು ಕೀಲಿಮಣೆ ಇಲ್ಲದ ಅಂಗಡಿಯನ್ನು ಹುಡುಕಬೇಕು. ಆಯುಧಪೂಜೆಯ ದಿನ ಅದಕ್ಕೂ ಕುಂಕುಮ, ಹೂವು, ನಿಂಬೆಹಣ್ಣು. ಆದರೆ ಸಾಹುಕಾರರನ್ನು ನಿಲ್ಲಿಸಿ "ನಿಮ್ಮ ಉದ್ರಿ ಬಾಕಿ ಒಟ್ಟು ಎಷ್ಟು ಸ್ವಾಮಿ?" ಎಂದು ಕೇಳಿ ನೋಡಿ. "ಸ್ವಲ್ಪ ತಡೀರಿ, ಹುಡುಗ ಊಟಕ್ಕೆ ಹೋಗಿದಾನೆ" ಎಂಬ ಉತ್ತರ ಬರುತ್ತದೆ.

ತಂದವರಿಗೆ ಬಳಸಲು ಬರುವುದಿಲ್ಲ. ಬಳಸುವವರಿಗೆ ವ್ಯಾಪಾರ ಗೊತ್ತಿಲ್ಲ. ವ್ಯಾಪಾರ ಗೊತ್ತಿರುವ ಹಳೇ ಗುಮಾಸ್ತರನ್ನು ಯಾರೂ ಕೇಳುವುದಿಲ್ಲ. ಇದರ ಫಲ ಏನಾಗುತ್ತದೆ ಎಂಬುದಕ್ಕೆ ಊರಿನ ಒಂದು ಪೈಪು-ನಲ್ಲಿ ಸಾಮಾನಿನ ಅಂಗಡಿಯಲ್ಲಿ ಹೋದ ದೀಪಾವಳಿಗೆ ನಡೆದದ್ದೇ ಸಾಕು. ಅಂಗಡಿಯ ಹೆಸರು ಬೇಡ. ಮಾನ ಎಲ್ಲರಿಗೂ ಒಂದೇ.

43,500 ಎಲ್ಲಿ ಹೋಯಿತು?

ಸದರಿ ಅಂಗಡಿಯಲ್ಲಿ ನಲವತ್ತು ವರ್ಷದಿಂದ ಕೆಂಪು ಬಟ್ಟೆ ರಟ್ಟಿನ ಖಾತೆ ಪುಸ್ತಕವೇ ಲೆಕ್ಕ. ಬರೆಯುತ್ತಿದ್ದ ಗುಮಾಸ್ತರಿಗೆ ಈಗ ಎಪ್ಪತ್ತು ದಾಟಿದೆ. ಸಾಹುಕಾರರ ಮಗ "ಇನ್ನೂ ಯಾವ ಕಾಲದಲ್ಲಿದೀರಿ" ಎಂದು ಹಠ ಹಿಡಿದು ಕಂಪ್ಯೂಟರ್ ತಂದ. ಭದ್ರಾವತಿ ಕಡೆಯಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುವ, ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳು ಕೆಲಸಕ್ಕೆ ಸೇರಿದಳು. ಉದ್ರಿ ಲೆಕ್ಕ ಎಕ್ಸೆಲ್ ಹಾಳೆಗೆ ಏರಿತು. ಕೊಟ್ಟ ಮಾಲಿನ ಬೆಲೆ ಒಂದು ಸಾಲು, ಗಿರಾಕಿ ಕೊಟ್ಟ ಹಣ ಕಳೆಯುವ ಗುರುತು ಹಾಕಿ ಇನ್ನೊಂದು ಸಾಲು. ಮೇಲುಗಡೆ ಒಂದು ಚೌಕದಲ್ಲಿ ಒಟ್ಟು ಬಾಕಿ ತಾನಾಗಿಯೇ ಕಾಣುವುದು. ಸಾಹುಕಾರರು ಬಂದವರಿಗೆಲ್ಲ ಅದನ್ನು ತೋರಿಸಿದ್ದೇ ತೋರಿಸಿದ್ದು.

ಎರಡು ವರ್ಷದ ಮೇಲೆ ಹುಡುಗಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಹೋದಳು. ಬದಲಿಗೆ ಬಂದ ಹುಡುಗನ ಕೈಯಲ್ಲಿ ಮೂರು ತಿಂಗಳ ಕೋರ್ಸಿನ ಸರ್ಟಿಫಿಕೇಟ್ ಇತ್ತು. ಟೈಪಿಂಗ್ ಜೋರು, ಬಣ್ಣ ಹಚ್ಚುವುದರಲ್ಲಿ ಎತ್ತಿದ ಕೈ.

ದೀಪಾವಳಿ ಅಮಾವಾಸ್ಯೆಗೆ ವರ್ಷದ ಲೆಕ್ಕ ಮುಗಿಸಬೇಕು. ಕಂಪ್ಯೂಟರ್ ಹೇಳಿದ ಬಾಕಿ 3,68,500 ರೂಪಾಯಿ. ಮೂಲೆಯಲ್ಲಿ ಕೂತಿದ್ದ ಗುಮಾಸ್ತರು ಕೆಮ್ಮಿದರು. ಯಾರೂ ಬೇಡವೆಂದರೂ ಅವರು ತಮ್ಮ ಕೆಂಪು ಪುಸ್ತಕ ಬರೆಯುವುದನ್ನು ಬಿಟ್ಟಿರಲಿಲ್ಲ. ಅದರ ಪ್ರಕಾರ ಬಾಕಿ 4,12,000. ವ್ಯತ್ಯಾಸ 43,500 ರೂಪಾಯಿ.

ಬಾಕಿ ಕಡಿಮೆ ತೋರಿಸುತ್ತಿದೆ ಎಂದರೆ ಏನರ್ಥ? ಗಿರಾಕಿಗಳು ಹಣ ಕಟ್ಟಿದ್ದಾರೆ ಎಂದು ಬರೆದಿದೆ, ಹಣ ಮಾತ್ರ ಗಲ್ಲಾಕ್ಕೆ ಬಂದಿಲ್ಲ. ಸಾಹುಕಾರರ ಬಾಯಿಂದ ಆ ಮಾತು ಬಂದೇಬಿಟ್ಟಿತು: "ಆ ಹುಡುಗಿಯೇ ಏನೋ ಮಾಡಿರಬೇಕು. ಅದಕ್ಕೇ ಅವಸರದಲ್ಲಿ ಬಿಟ್ಟುಹೋದ್ಲು." ಅಂಗಡಿಯಲ್ಲಿ ಆಡಿದ್ದು ಪಕ್ಕದ ಟೀ ಅಂಗಡಿಗೆ, ಅಲ್ಲಿಂದ ಬಸ್ ನಿಲ್ದಾಣಕ್ಕೆ. ಹುಡುಗಿ ದಿನಾ ಬರುತ್ತಿದ್ದ ಬಸ್ಸಿನಲ್ಲೇ ಆ ಮಾತು ಅವಳ ಊರಿಗೂ ಮುಟ್ಟಿತು. ನಾಲ್ಕನೇ ದಿನ ಅವಳ ತಂದೆ ಅಂಗಡಿ ಮುಂದೆ ಬಂದು ನಿಂತರು. ಜಗಳ ಆಡಲಿಲ್ಲ. "ಎಷ್ಟು ಅಂತ ಹೇಳಿ, ಕಂತಿನಲ್ಲಿ ಕಟ್ಟುತೀನಿ" ಎಂದರಂತೆ.

ಗುಮಾಸ್ತರ ಪೆನ್ಸಿಲ್ಲು

ಸಾಹುಕಾರರು ತಲೆ ತಗ್ಗಿಸಿದರು. ಗುಮಾಸ್ತರು ಎದ್ದರು. "ಕೂಡಿದ್ದು ತಪ್ಪಿದರೆ ಮೊದಲು ಸಾಲು ಎಣಿಸಬೇಕು. ಜನರನ್ನ ಅನುಮಾನಿಸೋದು ಕೊನೆಗೆ" ಎಂದು ಹೇಳಿ, ಇಡೀ ಹಾಳೆಯನ್ನು ಕಾಗದದ ಮೇಲೆ ಮುದ್ರಿಸಿ ಕೊಡಲು ಹುಡುಗನಿಗೆ ಹೇಳಿದರು. ಎರಡು ರಾತ್ರಿ ಕೂತು ಕೆಂಪು ಪುಸ್ತಕದ ಒಂದೊಂದು ನಮೂದಿಗೂ ಪೆನ್ಸಿಲ್ಲಿನಲ್ಲಿ ಟಿಕ್ ಹಾಕಿದರು. ಕೊನೆಯ ಸಾಲಿಗೆ ಬಂದಾಗ ಬೆಳಕಿಗೆ ಬಂದದ್ದೇ ಬೇರೆ. ಪುಸ್ತಕದಲ್ಲಿದ್ದದ್ದೆಲ್ಲ ಹಾಳೆಯಲ್ಲೂ ಇತ್ತು. ಒಂದು ನಮೂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ತಪ್ಪಿದ್ದದ್ದು ಮೇಲಿನ ಮೊತ್ತ ಮಾತ್ರ.

ಬೆಂಗಳೂರಿಗೆ ಫೋನು ಹೋಯಿತು. ಹುಡುಗಿ ಐದು ನಿಮಿಷದಲ್ಲಿ ಎರಡು ಕಾರಣ ಹೇಳಿದಳು.

ಒಂದು: ಮೊತ್ತದ ಸೂತ್ರವನ್ನು ಅವಳು 2ನೇ ಸಾಲಿನಿಂದ 600ನೇ ಸಾಲಿನವರೆಗೆ ಕೂಡಿಸುವಂತೆ ಹಾಕಿದ್ದಳು. ಒಂದು ವರ್ಷಕ್ಕೆ ಅಷ್ಟು ಸಾಕೆಂಬ ಅಂದಾಜು. ಆ ವರ್ಷ ಮನೆ ಕಟ್ಟಿದವರು ಜಾಸ್ತಿ; ನಮೂದು 605ನೇ ಸಾಲಿಗೆ ಹೋಗಿತ್ತು. ಕೊನೆಯ ಐದು ಸಾಲುಗಳ 31,000 ರೂಪಾಯಿ ಲೆಕ್ಕಕ್ಕೇ ಬರಲಿಲ್ಲ. "ಆ ಸೂತ್ರ ನಂದೇ ತಪ್ಪು, ಹೇಳಿ ಬರಬೇಕಿತ್ತು" ಎಂದು ಅವಳೇ ಒಪ್ಪಿಕೊಂಡಳು.

ಎರಡು: ಹೊಸ ಹುಡುಗ ಎರಡು ಕಡೆ ಮೊಬಲಗನ್ನು ಪತ್ರ ಬರೆಯುವ ಹಾಗೆ ಬರೆದಿದ್ದ. ಒಂದು ಕಡೆ "5,000 ರೂ.", ಇನ್ನೊಂದು ಕಡೆ "7500/-". ಮನುಷ್ಯನ ಕಣ್ಣಿಗೆ ಅದು ದುಡ್ಡು. ಯಂತ್ರಕ್ಕೆ ಅದು ಅಕ್ಷರ. ಅಕ್ಷರವನ್ನು ಅದು ಕೂಡಿಸುವುದಿಲ್ಲ, ಕೂಡಿಸಿಲ್ಲವೆಂದು ಬಾಯಿಬಿಟ್ಟು ಹೇಳುವುದೂ ಇಲ್ಲ. ಸುಮ್ಮನೆ ಬಿಟ್ಟು ಮುಂದೆ ಹೋಗುತ್ತದೆ. ಅಲ್ಲಿ ಹೋದದ್ದು 12,500.

31,000ಕ್ಕೆ 12,500 ಸೇರಿಸಿ ನೋಡಿ. ಸರಿಯಾಗಿ 43,500. ಕಳ್ಳ ಸಿಕ್ಕ. ಅವನಿಗೆ ಕೈಕಾಲು ಇರಲಿಲ್ಲ.

ದೊಡ್ಡವರೂ ಎಡವಿದ್ದಾರೆ

ಇದನ್ನು ಓದಿ ಸಣ್ಣ ಊರಿನ ಸಣ್ಣ ಬುದ್ಧಿಯ ತಪ್ಪು ಎಂದು ನಗುವವರು ಸ್ವಲ್ಪ ತಾಳಬೇಕು. ಅಮೆರಿಕದ ಇಬ್ಬರು ಹೆಸರಾಂತ ಅರ್ಥಶಾಸ್ತ್ರಜ್ಞರು, ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್, 2010ರಲ್ಲಿ ಒಂದು ಪ್ರಬಂಧ ಬರೆದರು. ಸರಕಾರಗಳ ಸಾಲ ಮಿತಿ ಮೀರಿದರೆ ದೇಶದ ಬೆಳವಣಿಗೆ ಕುಸಿಯುತ್ತದೆ ಎಂಬುದು ಅದರ ಸಾರ. ಹಲವು ದೇಶಗಳ ರಾಜಕಾರಣಿಗಳು ಖರ್ಚು ಕಡಿತದ ವಾದಕ್ಕೆ ಅದನ್ನೇ ಎತ್ತಿ ಹಿಡಿದರು. 2013ರಲ್ಲಿ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಅವರ ಎಕ್ಸೆಲ್ ಹಾಳೆ ತರಿಸಿಕೊಂಡು ನೋಡಿದರೆ, ಸರಾಸರಿಯ ಸೂತ್ರದಲ್ಲಿ 20 ದೇಶಗಳ ಬದಲು 15 ಮಾತ್ರ ಸೇರಿದ್ದವು. ಬಿಟ್ಟುಹೋದದ್ದು ಆಸ್ಟ್ರೇಲಿಯ, ಆಸ್ಟ್ರಿಯ, ಬೆಲ್ಜಿಯಂ, ಕೆನಡ, ಡೆನ್ಮಾರ್ಕ್. ಅಂದರೆ ಅಲ್ಲೂ ಐದೇ ಸಾಲು! ತಮ್ಮ ಮುಖ್ಯ ವಾದ ಬೀಳುವುದಿಲ್ಲ ಎಂದರೂ, ಹಾಳೆಯ ಈ ತಪ್ಪನ್ನು ಆ ಪಂಡಿತರು ಒಪ್ಪಿಕೊಂಡರು.

ಇಂಗ್ಲೆಂಡಿನ ಕಥೆ ಇನ್ನೂ ದುಬಾರಿ. ಕೊರೊನಾ ಕಾಲದಲ್ಲಿ, 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವೆ, 15,841 ಸೋಂಕಿತರ ಹೆಸರು ಸರಕಾರದ ಲೆಕ್ಕದಿಂದ ಜಾರಿಹೋಯಿತು. ಬಳಸಿದ್ದು ಹಳೇ ನಮೂನೆಯ ಎಕ್ಸೆಲ್ ಫೈಲು. ಅದರಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ತುಂಬಿದ ಮೇಲೆ ಬಂದದ್ದು ಚೆಲ್ಲಿಹೋಯಿತು. ಆ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಅಷ್ಟು ದಿನ ತಡವಾಯಿತು. 2007ರಿಂದ ಬಂದ ಹೊಸ ನಮೂನೆಯ ಹಾಳೆಯಲ್ಲಿ 10,48,576 ಸಾಲು ಹಿಡಿಯುತ್ತದೆ. ಆದರೂ ಅಂಗಡಿಗಳಲ್ಲಿ ಹಳೇ ನಮೂನೆಯ ಫೈಲನ್ನೇ ತಿದ್ದಿ ತಿದ್ದಿ ಬಳಸುವವರಿಗೆ ಕೊರತೆಯಿಲ್ಲ.

ಮೇಸ್ತ್ರಿ ಒಬ್ಬ, ಹೆಸರು ಮೂರು

ಮೊತ್ತದ ಗಲಾಟೆ ಮುಗಿಯಿತು ಎನ್ನುವಾಗ ಎರಡನೆಯದು ಶುರುವಾಯಿತು. ದೀಪಾವಳಿ ವಸೂಲಿಗೆಂದು ಹುಡುಗ ಬಾಕಿ ಪಟ್ಟಿ ಹಿಡಿದು ಫೋನು ಮಾಡುತ್ತಿದ್ದ. ಇಪ್ಪತ್ತು ವರ್ಷದಿಂದ ಅಂಗಡಿಗೆ ಬರುವ ಗಾರೆ ಮೇಸ್ತ್ರಿಯೊಬ್ಬರಿಗೆ "18,000 ಬಾಕಿ ಇದೆ" ಎಂದ. ಮೇಸ್ತ್ರಿ ಶ್ರಾವಣದಲ್ಲೇ 10,000 ಕಟ್ಟಿದ್ದರು. ಮಾತಿಗೆ ಮಾತು ಬೆಳೆಯಿತು. "ಕಟ್ಟಿದ ದುಡ್ಡನ್ನೇ ಇಲ್ಲ ಅಂತೀರೇನ್ರಿ" ಎಂದು ಫೋನು ಇಟ್ಟರು. ಮರುದಿನದಿಂದ ಅವರ ಪೈಪು ಬೇರೆ ಅಂಗಡಿಯಲ್ಲಿ.

ಹಾಳೆ ತೆಗೆದು ನೋಡಿದರೆ ಮೇಸ್ತ್ರಿಯ ಹೆಸರು ಮೂರು ತರಹ ಇತ್ತು. ಒಂದು ಕಡೆ ಇನಿಷಿಯಲ್ ಸಮೇತ, ಒಂದು ಕಡೆ ಊರಿನ ಹೆಸರು ಸೇರಿಸಿ, ಇನ್ನೊಂದು ಕಡೆ ಎಲ್ಲರೂ ಕರೆಯುವ ಅಡ್ಡಹೆಸರು. ಮಾಲು ಒಂದು ಹೆಸರಿಗೆ, ಕಟ್ಟಿದ ಹಣ ಇನ್ನೊಂದಕ್ಕೆ. ಅಂಗಡಿಯಲ್ಲಿ ಕೂತವರಿಗೆ ಮೂವರೂ ಒಬ್ಬನೇ ಎಂದು ಗೊತ್ತು. ಯಂತ್ರಕ್ಕೆ ಗೊತ್ತಾಗುವುದು ಹೇಗೆ?

ಕೆಂಪು ಪುಸ್ತಕದಲ್ಲಿ ಈ ತಪ್ಪು ಯಾಕೆ ಆಗಿರಲಿಲ್ಲ ಎಂದು ಕೇಳಿದರೆ ಗುಮಾಸ್ತರು ಪುಸ್ತಕ ಬಿಡಿಸಿ ತೋರಿಸುತ್ತಾರೆ. ಹಳೇ ಪದ್ಧತಿಯಲ್ಲಿ ಪುಸ್ತಕ ಒಂದಲ್ಲ, ಎರಡು. ದಿನ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುವುದು ದಿನವಹಿ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ ಇರುವುದು ಖಾತೆ ಪುಸ್ತಕ. ದಿನವಹಿಯ ಪ್ರತಿ ಸಾಲಿನ ಪಕ್ಕದಲ್ಲಿ ಆ ಗಿರಾಕಿಯ ಖಾತಾ ಪುಟದ ಸಂಖ್ಯೆ. ಮೇಸ್ತ್ರಿಯನ್ನು ಯಾವ ಹೆಸರಿನಿಂದ ಕರೆದರೂ ಪುಟ 47 ಎಂದರೆ 47. ಹೆಸರು, ಊರು, ಫೋನು ಇರುವುದು ಆ ಪುಟದ ತಲೆಯಲ್ಲಿ ಒಂದೇ ಸಲ.

ಡೇಟಾಬೇಸ್ ಎಂಬ ದೊಡ್ಡ ಮಾತಿನ ಒಳಗುಟ್ಟೂ ಹೆಚ್ಚುಕಡಿಮೆ ಇಷ್ಟೇ! 1970ರಲ್ಲಿ ಐಬಿಎಂ ಕಂಪನಿಯಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞ ಇದಕ್ಕೆ ಶಾಸ್ತ್ರ ಕಟ್ಟಿದರು. ಮಾಹಿತಿಯನ್ನು ಬೇರೆ ಬೇರೆ ಕೋಷ್ಟಕಗಳಲ್ಲಿ ಇಡಬೇಕು, ಒಂದು ಸಂಗತಿ ಒಂದೇ ಕಡೆ ಇರಬೇಕು, ಕೋಷ್ಟಕಗಳನ್ನು ಒಂದು ಗುರುತಿನ ಸಂಖ್ಯೆಯಿಂದ ಜೋಡಿಸಬೇಕು. ಇಂದು ಬ್ಯಾಂಕು, ರೈಲ್ವೆ ಟಿಕೇಟುಗಳ ದೊಡ್ಡ ಯಂತ್ರಗಳ ಹಿಂದೆ ಇರುವುದೂ ಬಹುಮಟ್ಟಿಗೆ ಆ ಶಾಸ್ತ್ರವೇ. ಗುಮಾಸ್ತರ ಪುಟ 47ಕ್ಕೆ ಅಲ್ಲಿ "ಕೀ" ಎಂದು ಹೆಸರು.

ಊರಿನ ಜನಕ್ಕೆ ಇದು ಹೊಸತೂ ಅಲ್ಲ. ಒಂದೇ ಬಣ್ಣದ ಎರಡು ಬಸ್ಸು ನಿಂತಿದ್ದರೆ ಬೇರೆ ಮಾಡುವುದು ಕೆ.ಎ. 14ರ ಮುಂದಿನ ನಂಬರು. ಹಳ್ಳಿಯಲ್ಲಿ ಒಂದೇ ಹೆಸರಿನ ನಾಲ್ಕು ಜನ ಇದ್ದರೂ ಜಮೀನು ಬೆರೆಯದ ಹಾಗೆ ನೋಡಿಕೊಳ್ಳುವುದು ಸರ್ವೆ ನಂಬರು, ಹಿಸ್ಸಾ ನಂಬರು. ರಾಜ್ಯ ಸರಕಾರ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ್ದು ಈ ನಂಬರುಗಳ ಆಧಾರದ ಮೇಲೆಯೇ. ಜಿ.ಎಸ್.ಟಿ. ನಂಬರಿನ 15 ಅಕ್ಷರಗಳೂ ಹಾಗೇ. ಮೊದಲ ಎರಡು ರಾಜ್ಯದ ಸಂಖ್ಯೆ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ನಂಬರು. ಸರಕಾರ ವ್ಯಾಪಾರಿಗೆ ನಂಬರು ಕೊಟ್ಟಿದೆ. ವ್ಯಾಪಾರಿ ಮಾತ್ರ ತನ್ನ ಗಿರಾಕಿಗೆ ನಂಬರು ಕೊಟ್ಟಿಲ್ಲ.

ಎಕ್ಸೆಲ್ಲೋ, ಡೇಟಾಬೇಸೋ?

ಲೆಕ್ಕದ ಹಾಳೆಯ ತಂತ್ರಾಂಶ ಹುಟ್ಟಿದ್ದೂ ಕರಿಹಲಗೆಯಿಂದ. ಅಮೆರಿಕದ ಡ್ಯಾನ್ ಬ್ರಿಕ್ಲಿನ್ ವಿದ್ಯಾರ್ಥಿಯಾಗಿದ್ದಾಗ, ಹಲಗೆಯ ಮೇಲೆ ಒಂದು ಅಂಕಿ ತಿದ್ದಿದರೆ ಉಳಿದದ್ದನ್ನೆಲ್ಲ ಅಳಿಸಿ ಬರೆಯಬೇಕಾದ ಫಜೀತಿ ನೋಡಿ, ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ 1979ರಲ್ಲಿ ವಿಸಿಕ್ಯಾಲ್ಕ್ ಹೊರತಂದರು. ಎಕ್ಸೆಲ್ ಬಂದದ್ದು 1985ರಲ್ಲಿ. ಮೈಕ್ರೋಸಾಫ್ಟಿನ ಡೇಟಾಬೇಸ್ ತಂತ್ರಾಂಶ ಆಕ್ಸೆಸ್ 1992ರಲ್ಲಿ. ಹಣ ಕೊಡಲಾಗದವರಿಗೆ ಲಿಬ್ರೆಆಫೀಸ್ ಎಂಬ ಉಚಿತ ಕಟ್ಟು ಇದೆ. ಅದರಲ್ಲಿ ಲೆಕ್ಕದ ಹಾಳೆಗೆ ಕ್ಯಾಲ್ಕ್, ಡೇಟಾಬೇಸಿಗೆ ಬೇಸ್.

ಹಾಗಾದರೆ ಅಂಗಡಿಗೆ ಯಾವುದು ಬೇಕು? ಒಬ್ಬರೇ ಬರೆಯುವ, ನೂರಿನ್ನೂರು ಗಿರಾಕಿಗಳ ಲೆಕ್ಕಕ್ಕೆ ಎಕ್ಸೆಲ್ ಧಾರಾಳ ಸಾಕು. ಆದರೆ ಎಕ್ಸೆಲ್ ಕೇಳಿದ್ದಕ್ಕೆಲ್ಲ ತಲೆಯಾಡಿಸುವ ಸಂಭಾವಿತ ಆಳು. ಮೊಬಲಗಿನ ಕಾಲಂನಲ್ಲಿ ಊರಿನ ಹೆಸರು ಬರೆದರೂ ಸುಮ್ಮನಿರುತ್ತದೆ. ಡೇಟಾಬೇಸ್ ಹಾಗಲ್ಲ, ಕಟ್ಟುನಿಟ್ಟಿನ ಹೆಡ್‌ಮೇಷ್ಟ್ರು. ಮೊಬಲಗಿನ ಜಾಗದಲ್ಲಿ ಅಂಕಿಯೇ ಬೇಕು ಎಂದು ಒಂದು ಸಲ ಹೇಳಿದರೆ ಅಕ್ಷರವನ್ನು ಒಳಗೇ ಬಿಡುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ಗಿರಾಕಿಗೆ ಉದ್ರಿ ಬರೆಯಲು ಹೋದರೆ ತಡೆಯುವ ಹಾಗೆ ಕಟ್ಟು ಹಾಕಬಹುದು. ಬರೆಯುವವರು ಇಬ್ಬರು ಮೂವರಾದರೆ, ಗಿರಾಕಿ, ಮಾಲು, ಬಿಲ್ಲು, ಜಮಾ ಎಲ್ಲಕ್ಕೂ ನಂಟು ಬೇಕಾದರೆ ಆಗ ಡೇಟಾಬೇಸಿನ ಕಡೆ ನೋಡುವುದು ಲೇಸು.

"ನಮ್ಮಲ್ಲಿ ಟ್ಯಾಲಿ ಇದೆಯಲ್ಲ" ಎನ್ನುವವರೂ ಇದ್ದಾರೆ. ಒಳ್ಳೆಯದೇ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಶುರುಮಾಡಿದ ಕಂಪನಿಯ ಆ ತಂತ್ರಾಂಶ ದೇಶದ ಉದ್ದಗಲಕ್ಕೂ ಅಂಗಡಿಗಳಲ್ಲಿದೆ. ಆದರೆ ಅದರಲ್ಲೂ ಒಬ್ಬ ಮೇಸ್ತ್ರಿಗೆ ಮೂರು ಲೆಡ್ಜರ್ ತೆರೆದರೆ ಮೂರೂ ಉಳಿಯುತ್ತವೆ. ಬರೆಯುವವರ ಶಿಸ್ತನ್ನು ಯಾವ ಪೆಟ್ಟಿಗೆಯಲ್ಲೂ ಹಾಕಿ ಮಾರುವುದಿಲ್ಲ.

ಮುಕ್ಕಾಲು ಇಂಚು ಏಪ್ರಿಲ್ ಆದದ್ದು

ಅದೇ ಅಂಗಡಿಯ ಸ್ಟಾಕು ಪಟ್ಟಿಯಲ್ಲಿ ಇನ್ನೊಂದು ತಮಾಷೆ. ಮುಕ್ಕಾಲು ಇಂಚಿನ ಪೈಪಿಗೆ ಹುಡುಗ 3/4 ಎಂದು ಹೊಡೆದ. ಪರದೆಯ ಮೇಲೆ ಬಂದದ್ದು ಏಪ್ರಿಲ್ 3! ಅರ್ಧ ಇಂಚು, ಅಂದರೆ 1/2, ಫೆಬ್ರವರಿ 1 ಆಯಿತು. ಗೀಟು ಹಾಕಿದ ಅಂಕಿ ಕಂಡರೆ ಎಕ್ಸೆಲ್ ಅದನ್ನು ತಾರೀಖು ಎಂದೇ ತಿಳಿಯುತ್ತದೆ. ಇದರ ಕಾಟಕ್ಕೆ ವಿಜ್ಞಾನಿಗಳೇ ಸೋತಿದ್ದಾರೆ. ಮನುಷ್ಯನ ಕೆಲವು ವಂಶವಾಹಿಗಳಿಗೆ ಮಾರ್ಚ್1, ಸೆಪ್ಟ್1 ಎಂಬಂಥ ಸಂಕ್ಷಿಪ್ತ ಹೆಸರುಗಳಿದ್ದವು. ಎಕ್ಸೆಲ್ ಅವನ್ನು ತಾರೀಖು ಮಾಡಿ ಮಾಡಿ ಸಂಶೋಧನೆಗಳೇ ಕೆಡುತ್ತಿದ್ದುದರಿಂದ, ಹೆಸರಿಡುವ ಸಮಿತಿ ಅಂಥ ಹೆಸರುಗಳನ್ನೇ ಬದಲಿಸಿ 2020ರಲ್ಲಿ ಹೊಸ ನಿಯಮ ಪ್ರಕಟಿಸಿತು. ಪೈಪಿನ ಅಂಗಡಿಯವರು ಅಷ್ಟು ದೂರ ಹೋಗಬೇಕಿಲ್ಲ. ಬರೆಯುವ ಮೊದಲು ಆ ಕಾಲಂ "ಟೆಕ್ಸ್ಟ್" ಎಂದು ಗೊತ್ತುಮಾಡಿದರೆ ಆಯಿತು.

ಫೋನು ನಂಬರಿಗೂ ಅದೇ ಮದ್ದು. ಶಿವಮೊಗ್ಗದ 08182 ಹೊಡೆದರೆ ಮುಂದಿನ ಸೊನ್ನೆ ನುಂಗಿ 8182 ಎಂದು ತೋರಿಸುತ್ತದೆ. ಎಕ್ಸೆಲ್ ನೆನಪಿಡುವುದು 15 ಅಂಕಿ ಮಾತ್ರ. 16 ಅಂಕಿಯ ಖಾತೆ ನಂಬರು ಬರೆದರೆ ಕೊನೆಯದು ಸೊನ್ನೆಯಾಗುತ್ತದೆ. ಕೂಡಿಸಿ ಕಳೆಯದ ಯಾವ ನಂಬರೂ ಅಂಕಿಯಲ್ಲ, ಅದು ಹೆಸರು ಎಂದು ತಿಳಿಯುವುದು ಕ್ಷೇಮ.

ಕನ್ನಡದಲ್ಲಿ ಬರೆಯಬಹುದೆ?

ಧಾರಾಳವಾಗಿ ಬರೆಯಬಹುದು. ಆದರೆ ಒಂದು ಎಚ್ಚರ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಸರಕಾರಿ ಕಚೇರಿಯಿಂದ ಡಿ.ಟಿ.ಪಿ. ಅಂಗಡಿಯವರೆಗೆ ಎಲ್ಲ ಕಡೆ ಬಳಕೆಯಾಯಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೂ ಜನರ ಬೆರಳಿಗೆ ಒಗ್ಗಿದೆ. ತೊಡಕಿರುವುದು ಹಳೇ ಫಾಂಟುಗಳಲ್ಲಿ. ಅವುಗಳಲ್ಲಿ ಟೈಪು ಮಾಡಿದ್ದು ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಗಿಜಿಗಿಜಿ. ಅ ಆ ಇ ಈ ಕ್ರಮದಲ್ಲಿ ಜೋಡಿಸು ಎಂದರೆ ಜೋಡಣೆಯಾಗದು. ಯೂನಿಕೋಡಿನಲ್ಲಿ ಬರೆದರೆ ಈ ರಗಳೆಯಿಲ್ಲ. ಮೊಬೈಲಿನಲ್ಲಿ ಬರೆಯುವ ಕನ್ನಡವೂ ಅದೇ. ಗಿರಾಕಿಯ ಹೆಸರನ್ನು ಕನ್ನಡದಲ್ಲಾದರೂ ಸರಿ, ಇಂಗ್ಲಿಷಿನಲ್ಲಾದರೂ ಸರಿ, ಯಾವುದಾದರೂ ಒಂದರಲ್ಲೇ ಬರೆಯಬೇಕು.

ಕೋರ್ಸಿನಲ್ಲಿ ಏನು ಕೇಳಬೇಕು?

ಬೆಳಿಗ್ಗೆ ಎಂಟೂವರೆಯ ಬಸ್ಸು ಹತ್ತಿದರೆ, ಎದೆಗೆ ನೋಟ್‌ಬುಕ್ ಅವಚಿಕೊಂಡು ಕಂಪ್ಯೂಟರ್ ಕ್ಲಾಸಿಗೆ ಹೋಗುವ ಹುಡುಗ ಹುಡುಗಿಯರು ಸೀಟಿಗೊಬ್ಬರು ಸಿಗುತ್ತಾರೆ. ಸರಕಾರಿ ನೌಕರರಿಗಂತೂ 2012ರ ನಿಯಮದಿಂದ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯೇ ಇದೆ. ಆದರೆ ಸರ್ಟಿಫಿಕೇಟ್ ಬೇರೆ, ಕೆಲಸ ಬೇರೆ. ಅಕ್ಷರಕ್ಕೆ ಬಣ್ಣ, ಪುಟಕ್ಕೆ ಅಂಚು, ಹುಟ್ಟುಹಬ್ಬದ ಕಾರ್ಡು, ಇಷ್ಟರಲ್ಲೇ ತಿಂಗಳು ಮುಗಿದರೆ ಫೀಸು ದಂಡ. ಮೇಷ್ಟ್ರನ್ನು ಬಿಡದೆ ಈ ಕೆಳಗಿನದನ್ನು ಕಲಿಸಿ ಎಂದು ಕೇಳಬೇಕೆಂದು ಬಲ್ಲವರು ಹೇಳುತ್ತಾರೆ:

1. ಒಂದು ಸಾಲಿಗೆ ಒಂದೇ ವ್ಯವಹಾರ, ಒಂದು ಕಾಲಂಗೆ ಒಂದೇ ಬಗೆಯ ಮಾಹಿತಿ. ನಡುವೆ ಖಾಲಿ ಸಾಲು, ಕೂಡಿಸಿದ ಚೌಕ, ಅಲಂಕಾರ ಬೇಡ.

2. ಹಾಳೆಯನ್ನು "ಟೇಬಲ್" ಆಗಿ ಮಾಡುವುದು. ಎಕ್ಸೆಲ್‌ನಲ್ಲಿ ಕಂಟ್ರೋಲ್ ಕೀ ಹಿಡಿದು ಟಿ ಒತ್ತಿದರೆ ಆಯಿತು. ಮೊತ್ತದ ಸೂತ್ರವನ್ನು ಆ ಟೇಬಲ್ಲಿನ ಹೆಸರಿಗೆ ಹಾಕಿದರೆ, ಸಾಲು ಬೆಳೆದ ಹಾಗೆ ಸೂತ್ರವೂ ಬೆಳೆಯುತ್ತದೆ. 601ನೇ ಸಾಲಿನ ಗಂಡಾಂತರ ಅಲ್ಲಿಗೆ ತಪ್ಪಿತು.

3. ಗಿರಾಕಿಗಳ ಪಟ್ಟಿ ಒಂದು ಹಾಳೆ, ವ್ಯವಹಾರ ಇನ್ನೊಂದು ಹಾಳೆ. ಪ್ರತಿ ಗಿರಾಕಿಗೂ ಒಂದು ನಂಬರು. ನಂಬರು ಹೊಡೆದರೆ ಹೆಸರು ತಾನಾಗಿ ಬರುವಂತೆ ಮಾಡುವ ವಿಲುಕಪ್ ಅಥವಾ ಎಕ್ಸ್‌ಲುಕಪ್ ಸೂತ್ರ.

4. ಕಾಲಂಗೆ ಕಾವಲು ಹಾಕುವುದು. "ಡೇಟಾ ವ್ಯಾಲಿಡೇಶನ್" ಎಂಬಲ್ಲಿ ಮೊಬಲಗಿಗೆ ಅಂಕಿ ಮಾತ್ರ, ಗಿರಾಕಿಗೆ ಪಟ್ಟಿಯಲ್ಲಿದ್ದ ನಂಬರು ಮಾತ್ರ ಎಂದು ಗೊತ್ತುಮಾಡಬಹುದು.

5. ಸಾರ್ಟ್, ಫಿಲ್ಟರ್, ಪಿವಟ್ ಟೇಬಲ್. ಒಂದೇ ಕಾಲಂ ಹಿಡಿದು ಸಾರ್ಟ್ ಮಾಡಿದರೆ ಒಬ್ಬರ ಸಾಲ ಇನ್ನೊಬ್ಬರ ತಲೆಗೆ ಬೀಳುತ್ತದೆ. ಇಡೀ ಪಟ್ಟಿಯನ್ನೇ ಮಾಡಬೇಕು. ಗಿರಾಕಿವಾರು, ತಿಂಗಳುವಾರು ಬಾಕಿ ಎರಡು ನಿಮಿಷದಲ್ಲಿ ತೆಗೆಯುವುದು ಪಿವಟ್ ಟೇಬಲ್ಲಿನಿಂದ.

6. ಅನುಮಾನದ ಕಣ್ಣು. ಚೌಕದಲ್ಲಿ ಅಂಕಿ ಬಲಕ್ಕೆ ಅಂಟುತ್ತದೆ, ಅಕ್ಷರ ಎಡಕ್ಕೆ. ಮೊಬಲಗಿನ ಕಾಲಂನಲ್ಲಿ ಯಾವುದಾದರೂ ಎಡಕ್ಕೆ ನಿಂತಿದ್ದರೆ ಅದು ಲೆಕ್ಕಕ್ಕೆ ಸೇರಿಲ್ಲ ಎಂದೇ ತಿಳಿಯಬೇಕು. ಹುಡುಗ ಬೇಕೆಂದೇ ಎಡಕ್ಕೋ ನಡುವಿಗೋ ಸರಿಸಿದ್ದರೆ ಈ ಗುರುತೂ ಸಿಗದು. ಅದಕ್ಕೇ ಅಲಂಕಾರ ಬೇಡವೆನ್ನುವುದು.

7. ನಕಲು. ದಿನಾ ಸಂಜೆ ಬಾಗಿಲು ಹಾಕುವ ಮೊದಲು ಫೈಲಿನ ಒಂದು ಪ್ರತಿ ಬೇರೆ ಜಾಗಕ್ಕೆ. ಪೆನ್‌ಡ್ರೈವ್ ಆದರೆ ಅದು ಅಂಗಡಿಯಲ್ಲಲ್ಲ, ಮನೆಯಲ್ಲಿರಬೇಕು. ಫೈಲಿನ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ತಾರೀಖು ಹಾಕಿದರೆ ಜೋಡಣೆ ತಪ್ಪುವುದಿಲ್ಲ.

ಕೊನೆಯದನ್ನು ಹಗುರವಾಗಿ ಕಾಣುವಂತಿಲ್ಲ. ಜಿ.ಎಸ್.ಟಿ. ನೋಂದಣಿ ಇದ್ದವರು ಆಯಾ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಂಡಿರಬೇಕೆಂಬುದು ಕಾನೂನು. ಆರು ವರ್ಷದ ಲೆಕ್ಕ ಒಂದೇ ಹಳೇ ಕಂಪ್ಯೂಟರಿನ ಹೊಟ್ಟೆಯಲ್ಲಿದ್ದು, ಅದು ಒಂದು ಮಳೆಗಾಲದ ಸಿಡಿಲಿಗೆ ಸುಟ್ಟರೆ, ಅಧಿಕಾರಿಗಳ ಮುಂದೆ ಸಿಡಿಲನ್ನು ಸಾಕ್ಷಿಗೆ ಕರೆಯಲಾದೀತೆ?

ಇಬ್ಬರೂ ಬೇಕು

ಪೈಪಿನ ಅಂಗಡಿಯಲ್ಲಿ ಈಗ ವ್ಯವಸ್ಥೆ ಬದಲಾಗಿದೆ. ಸಾಹುಕಾರರು ಭದ್ರಾವತಿ ಕಡೆಯ ಆ ಮನೆಗೆ ತಾವೇ ಹೋಗಿ, ಹುಡುಗಿಯ ತಂದೆಯ ಮುಂದೆ ತಪ್ಪಾಯಿತು ಎಂದು ಹೇಳಿ ಬಂದರು. ಟೀ ಅಂಗಡಿಯಲ್ಲೂ ಆ ಮಾತು ಹೇಳಿ ಎಂದು ಗುಮಾಸ್ತರು ಒತ್ತಾಯ ಮಾಡಿದ್ದರಿಂದ ಅಲ್ಲೂ ಹೇಳಿದರು. ಮುಂದೆ ನಾಲ್ಕು ಭಾನುವಾರ ಹುಡುಗಿ ಬೆಂಗಳೂರಿನಿಂದಲೇ ಫೋನಿನಲ್ಲಿ ಪಾಠ ಮಾಡಿದಳು. ಈ ಕಡೆ ಹೊಸ ಹುಡುಗ ಕೀಲಿಮಣೆಯ ಮುಂದೆ, ಪಕ್ಕದಲ್ಲಿ ಕೆಂಪು ಪುಸ್ತಕ ಹಿಡಿದ ಗುಮಾಸ್ತರು. ಯಾವ ಗುಂಡಿ ಒತ್ತಬೇಕು ಎಂಬುದು ಅವಳಿಗೆ ಗೊತ್ತು, ಯಾಕೆ ಒತ್ತಬೇಕು ಎಂಬುದು ಇವರಿಗೆ. ಖಾತಾ ಪುಸ್ತಕದ ಪುಟ ಸಂಖ್ಯೆಗಳನ್ನೇ ಗಿರಾಕಿಯ ನಂಬರು ಮಾಡಿದರು. ಹುಡುಗನಿಗೆ ಬೈಗುಳ ಬೀಳಲಿಲ್ಲ. ಕಲಿಸದೆ ಬೈದರೆ ಏನು ಬಂತು?

ಈಗ ಪ್ರತಿ ಶನಿವಾರ ಸಂಜೆ ಯಂತ್ರದ ಮೊತ್ತ, ಪುಸ್ತಕದ ಮೊತ್ತ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ತಾಳೆಯಾದ ಮೇಲೆಯೇ ಬಾಗಿಲು. ಇನ್ನು ಒಂದು ವರ್ಷ ಹೀಗೇ ತಾಳೆಯಾದರೆ ಪುಸ್ತಕ ಬರೆಯುವುದನ್ನು ನಿಲ್ಲಿಸುತ್ತೇನೆ ಎನ್ನುತ್ತಾರೆ ಗುಮಾಸ್ತರು. ನಿಲ್ಲಿಸುವ ಲಕ್ಷಣ ಕಾಣುವುದಿಲ್ಲ.

ಗಾರೆ ಮೇಸ್ತ್ರಿಗೂ ಹೇಳಿ ಕಳುಹಿಸಿದ್ದಾರೆ. ಹಾಳೆಯಲ್ಲಿ ಅವರ ಹೆಸರು ಈಗ ಒಂದೇ, ನಂಬರು 47, ಬಾಕಿ 8,000. ಮೇಸ್ತ್ರಿ ಆ 8,000 ಹುಡುಗನ ಕೈಯಲ್ಲಿ ಕಳುಹಿಸಿಕೊಟ್ಟರು. ಅಂಗಡಿಗೆ ಮಾತ್ರ ಇನ್ನೂ ಬಂದಿಲ್ಲ.